ದೂರ–ಕಾಲ ನಕ್ಷೆ: ಓದುವುದು, ಬರೆಯುವುದು

ಹಿನ್ನೆಲೆ: ರೇಖಾನಕ್ಷೆ ಮತ್ತು ಸ್ತಂಭಾಲೇಖವನ್ನು ಅಂಕಿಅಂಶಗಳಿಗೆ ಬಳಸಿ ಜನಪ್ರಿಯಗೊಳಿಸಿದವರು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ (1786). ವೃತ್ತನಕ್ಷೆಯೂ ಅವರದೇ ಕೊಡುಗೆ (1801).

ಬರೆಯುವ ಕ್ರಮ
- ನಾವು ಆರಿಸಿಕೊಳ್ಳುವ ಪರಿಮಾಣ (ಕಾಲ) ಅಡ್ಡ ಅಕ್ಷದಲ್ಲಿ. ಅದಕ್ಕೆ ತಕ್ಕಂತೆ ಬದಲಾಗುವುದು (ದೂರ) ಲಂಬ ಅಕ್ಷದಲ್ಲಿ.
- ಶೀರ್ಷಿಕೆ, ಏಕಮಾನ, ಸಮಾನ ಅಂತರದ ಪ್ರಮಾಣ ಕಡ್ಡಾಯ.

ಓದುವ ಸೂತ್ರ
- ಓರೆಯಾದ ಸರಳರೇಖೆ: ಏಕರೂಪ ಜವ
- ಅಡ್ಡರೇಖೆ: ವಸ್ತು ನಿಂತಿದೆ
- ವಕ್ರರೇಖೆ: ಜವ ಬದಲಾಗುತ್ತಿದೆ
- ಇಳಿಜಾರು ಕಡಿದಾದಷ್ಟೂ ಜವ ಹೆಚ್ಚು

ಮಾದರಿ ಪ್ರಶ್ನೆ: ಬಸ್ಸೊಂದು ಮೊದಲ 10 ನಿಮಿಷದಲ್ಲಿ 5 ಕಿ.ಮೀ. ಸಾಗಿ, 5 ನಿಮಿಷ ನಿಂತು, ಮುಂದಿನ 10 ನಿಮಿಷದಲ್ಲಿ 10 ಕಿ.ಮೀ. ಹೋಯಿತು. ಸರಾಸರಿ ಜವ ಎಷ್ಟು?

ಉತ್ತರ: 25 ನಿಮಿಷಕ್ಕೆ 15 ಕಿ.ಮೀ.; ಅಂದರೆ ಗಂಟೆಗೆ 36 ಕಿ.ಮೀ. ನಿಂತ ಸಮಯ ಬಿಟ್ಟು ಲೆಕ್ಕ ಹಾಕಿದವರಿಗೆ 45 ಬರುತ್ತದೆ. ಬಹುಆಯ್ಕೆ ಪ್ರಶ್ನೆಯಾದರೆ ಆಯ್ಕೆಗಳಲ್ಲಿ ಅದೂ ಇರಬಹುದು, ಎಚ್ಚರ!

ನೆನಪಿಡಿ: ಲಂಬ ಅಕ್ಷದಲ್ಲಿ ಜವ ಇದ್ದರೆ ಅಡ್ಡರೇಖೆಯ ಅರ್ಥವೇ ಬೇರೆ: ವಸ್ತು ನಿಂತಿಲ್ಲ, ಒಂದೇ ಜವದಲ್ಲಿ ಓಡುತ್ತಿದೆ. ಆ ರೇಖೆಯ ಕೆಳಗಿನ ವಿಸ್ತೀರ್ಣವೇ ಕ್ರಮಿಸಿದ ದೂರ. ಆದ್ದರಿಂದ ರೇಖೆ ನೋಡುವ ಮುನ್ನ ಅಕ್ಷ ಓದಿ.