ಅಶ್ವಥ್ ಕ್ಯಾಸೆಟ್‌ಗಳಲ್ಲಿ ಯಾವುದು ಮೇಲು?

ಸಿ. ಅಶ್ವಥ್ ಅವರ ಕ್ಯಾಸೆಟ್‌ಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ‘ಸಂತ ಶಿಶುನಾಳ ಶರೀಫ’. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಸಿನಿಮಾದ ಹಾಡುಗಳು. ಅದು ಯಾಕೆ ಮೊದಲನೆಯದು ಎಂಬುದು ನನಗೆ ಮನದಟ್ಟಾದದ್ದು ಶಿಡ್ಲಘಟ್ಟದ ಒಂದು ನೂಲು ಬಿಚ್ಚುವ ಮನೆಯಲ್ಲಿ.

ಕುದಿನೀರಿನ ಹಬೆ, ಬೆಂದ ರೇಷ್ಮೆಗೂಡಿನ ವಾಸನೆ, ರಾಟೆಗಳ ಬಿಡುವಿಲ್ಲದ ಸದ್ದು. ಬೇರೆ ಯಾವ ಕ್ಯಾಸೆಟ್ ಹಾಕಿದರೂ ಆ ಗದ್ದಲದಲ್ಲಿ ತಾಳವಷ್ಟೇ ಕಿವಿಗೆ ಬೀಳುತ್ತಿತ್ತು. ಅಶ್ವಥ್ ಮಾಳಿಗೆ ಸೋರುವ ಪದ ಎತ್ತಿಕೊಂಡರೆ ಮಾತ್ರ ಒಂದೊಂದು ಅಕ್ಷರವೂ ಸದ್ದಿನ ಮೇಲೆ ಎದ್ದು ನಿಲ್ಲುತ್ತಿತ್ತು. ಮೇಲಕ್ಕೇರಿದಾಗ ಆ ದನಿ ನುಣುಪಾಗಿ ಉಳಿಯುವುದಿಲ್ಲ, ಒರಟಾಗುತ್ತದೆ. ಆ ಒರಟುತನವೇ ಪದದ ಸಂಕಟ. ಬಿಸಿನೀರಿನಲ್ಲಿ ಎಳೆ ಹುಡುಕುತ್ತಿದ್ದ ಹೆಂಗಸರು ಕೈ ನಿಲ್ಲಿಸದೆಯೇ ಪಲ್ಲವಿಗೆ ದನಿಗೂಡಿಸುತ್ತಿದ್ದರು. ಅವರಲ್ಲಿ ಹಲವರ ಮನೆಮಾತು ತೆಲುಗು. ಶಿಗ್ಗಾವಿ ಸೀಮೆಯ ಶರೀಫರ ಕನ್ನಡ ಅವರಿಗೆ ದೂರದ್ದು. ಆದರೆ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಕಟ್ಟಿದ ತತ್ವಪದಗಳನ್ನು ಭಜನೆಯಲ್ಲಿ ಹಾಡಿ ಬೆಳೆದವರು ಅವರು. ಸೋರುವ ಮನೆ ಯಾವುದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತತ್ವಪದವನ್ನು ಕಛೇರಿಗೆ ಒಪ್ಪುವಂತೆ ತಿದ್ದದೆ, ಭಜನೆಯವರ ಬಾಯಿಗೆ ಕೂರುವಂತೆ ಬಿಟ್ಟದ್ದು ಅಶ್ವಥ್ ಅವರ ದೊಡ್ಡತನ ಎಂದು ನಾನು ನಂಬಿದ್ದೇನೆ.

ಎರಡನೆಯ ಜಾಗಕ್ಕೆ ಬಂದರೆ ಗೆಳೆಯರು ಜಗಳಕ್ಕೇ ನಿಲ್ಲುತ್ತಾರೆ. ನನ್ನ ಆಯ್ಕೆ ‘ಮಾವು ಬೇವು’. ಅದರಲ್ಲಿ ಹಾಡುವವರು ಎಸ್‌ಪಿಬಿ, ಅಶ್ವಥ್ ಅವರದು ಸಂಗೀತ. ‘ಅವರ ದನಿಯೇ ಇಲ್ಲದ್ದು ಅವರ ಕ್ಯಾಸೆಟ್ ಹೇಗಾಗುತ್ತೆ?’ ಎಂಬುದು ಗೌರಿಬಿದನೂರಿನ ಗೆಳೆಯನ ತಕರಾರು. ನಾನು ಹೇಳುವುದು ಇದು: ಸಂಗೀತ ಕಟ್ಟುವವನನ್ನು ಅಳೆಯಬೇಕಾದರೆ ಅವನು ಹಾಡದೆ ಇರುವ ಕಡೆ ಕೇಳಬೇಕು. ಎಸ್‌ಪಿಬಿಯ ನಯವಾದ ಕಂಠದಲ್ಲೂ ಸಾಲು ಎಲ್ಲಿ ನಿಲ್ಲಬೇಕು, ಎಲ್ಲಿ ಹಾರಬೇಕು ಎಂಬುದರಲ್ಲಿ ಅಶ್ವಥ್ ಗುರುತು ಸಿಗುತ್ತದೆ. ಆ ಹಾಡುಗಳನ್ನು ಬರೆದ ಕವಿ ದೊಡ್ಡರಂಗೇಗೌಡರಂತೂ ಗೌರಿಬಿದನೂರಿನ ಪಕ್ಕದ ಮಧುಗಿರಿ ತಾಲ್ಲೂಕಿನವರು. ಆ ಗೆಳೆಯ ಅದನ್ನಾದರೂ ನೆನೆಯಬೇಕು.

1997ರ ‘ನಾಗಮಂಡಲ’ ಮೂರನೆಯದು. 1978ರ ‘ನಿತ್ಯೋತ್ಸವ’ವನ್ನು ಕೆಲವರು ಈ ಸಾಲಿಗೆ ಎಳೆದು ತರುತ್ತಾರೆ. ನಮ್ಮ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ನಿಸಾರ್ ಅಹಮದ್ ಅವರ ಕವಿತೆಗಳೆಂದು ನನಗೂ ಅದರ ಮೇಲೆ ಪ್ರೀತಿ ಹೆಚ್ಚು. ಆದರೆ ಅದು ಮೈಸೂರು ಅನಂತಸ್ವಾಮಿಯವರ ಕೆಲಸ. ಅವರ ಪಾಲನ್ನು ಇನ್ನೊಬ್ಬರಿಗೆ ಕೊಡುವುದು ಇಬ್ಬರಿಗೂ ಅನ್ಯಾಯ.

ಕ್ಯಾಸೆಟ್‌ಗಳನ್ನು ತೂಗುವವರು ಎರಡೂ ಬದಿ ಪೂರ್ತಿ ಕೇಳಬೇಕು. ಮೊಬೈಲಿನಲ್ಲಿ ಬಿಡಿ ಹಾಡು ಕೇಳುವವರಿಗೆ ಮನಸ್ಸಿಗೆ ಹತ್ತಿದ್ದಷ್ಟೇ ಸಿಗುತ್ತದೆ. ಬಿ ಬದಿಯ ಕೊನೆಯಲ್ಲಿ, ಯಾರೂ ಗುನುಗದ ಹಾಡಿಗೂ ಅಶ್ವಥ್ ಎಷ್ಟು ಶ್ರಮ ಹಾಕಿದ್ದಾರೆಂಬುದು ಕಾಣುವುದೇ ಇಲ್ಲ. ಐಟಿಐ ಕಾರ್ಖಾನೆಯ ನೌಕರಿಯ ಜೊತೆಗೇ ವರ್ಷಾನುಗಟ್ಟಲೆ ಸಂಗೀತ ಮಾಡಿದ ಮನುಷ್ಯ ಅವರು.

1992ರ ‘ಮೈಸೂರು ಮಲ್ಲಿಗೆ’ ಸಿನಿಮಾದ ಹಾಡುಗಳನ್ನು ನಾಲ್ಕನೆಯ ಜಾಗಕ್ಕೆ ಇಟ್ಟಿದ್ದಕ್ಕೆ ಚಿಕ್ಕಬಳ್ಳಾಪುರದ ನಮ್ಮ ಅಕ್ಕ ಇವತ್ತಿಗೂ ಒಪ್ಪಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ಮೆಲುದನಿಗೆ ಅಶ್ವಥ್ ತಗ್ಗಿ ನಡೆಯುತ್ತಾರೆ, ಆ ಸಂಯಮ ದೊಡ್ಡದು ಎನ್ನುತ್ತಾಳೆ. ಅವಳ ಮಾತು ನಿಜ. ಆದರೂ ನನಗೆ ಬೇಕಾದವರು ತಗ್ಗದ ಅಶ್ವಥ್.