ಹಾರಿಹೋದ ತಗಡಿನ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಮುಂಗಾರು ಹಿಡಿಯುವ ಮೊದಲೇ ಮನೆಗಳಿಗೆ ಪೆಟ್ಟು ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನವೆಲ್ಲ ಧಗೆ, ಸಂಜೆಗೆ ಧೂಳೆಬ್ಬಿಸುವ ಬಿರುಗಾಳಿ, ಕೆಲವೊಮ್ಮೆ ಅದರ ಬೆನ್ನಿಗೇ ಆಲಿಕಲ್ಲು. ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವುವುದು ಹಿಡಿದು ಬಿಡದ ಮಳೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದುದ್ದಕ್ಕೂ ಗೋಡೆಗಳು ನೆನೆದು ಕುಸಿದವು. ಸರ್ಕಾರ ದಾನಿಗಳನ್ನೂ ಸೇರಿಸಿಕೊಂಡು ‘ಆಸರೆ’ ಹೆಸರಿನಲ್ಲಿ ಮನೆ ಕಟ್ಟಿಸಬೇಕಾಯಿತು. ತಗಡಿನ ಮನೆಗೆ ಅಷ್ಟು ಮಳೆ ಬೇಡ. ಅರ್ಧ ಗಂಟೆಯ ಗಾಳಿ ಸಾಕು.

ನನ್ನ ತವರು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ. ಆ ಮನೆಯ ಹಿಂಭಾಗದ ತಗಡುಗಳು ಹಾಗೇ ಒಂದು ಸಂಜೆ ಹೋದವು. ಅವ್ವ ನೆನೆಯುತ್ತಿದ್ದ ಜೋಳದ ಚೀಲಗಳನ್ನು ಒಳಗೆ ಎಳೆಯುತ್ತಿದ್ದರೆ, ಅಣ್ಣ ಆಗಲೇ ಸಾಲದ ದಾರಿ ಹುಡುಕಿದ್ದ: “ನೂರಕ್ಕ ಮೂರರಂಗ ಸಿಗತೈತವ್ವ, ನಾಳೇನ ಹೊದಿಸಿಬಿಡಾನ.”

ನಾನು ತಡೆದದ್ದು ಇಲ್ಲಿ. ನೂರಕ್ಕೆ ಮೂರು ಎಂದರೆ ತಿಂಗಳ ಬಡ್ಡಿ. ವರ್ಷಕ್ಕೆ ಶೇ 36. 40,000 ರೂಪಾಯಿ ಕೈಸಾಲಕ್ಕೆ ತಿಂಗಳಿಗೆ 1,200 ಬಡ್ಡಿಯೇ ಆಯಿತು. ಇನ್ನು ಸರ್ಕಾರದ ಪರಿಹಾರ? 2022–26ರ ಅವಧಿಗೆ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ, ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಶೇ 15ಕ್ಕಿಂತ ಕಡಿಮೆ ಇರಬಾರದು. 2019ರ ನೆರೆಯಲ್ಲಿ ಪೂರ್ಣ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿದ್ದು ಜನರ ನೆನಪಿನಲ್ಲಿದೆ, ಆದರೆ ಅಂಥ ಘೋಷಣೆ ಪ್ರತಿ ಗಾಳಿಮಳೆಗೂ ಬರುವುದಿಲ್ಲ. ಪೂರ್ತಿ 6,500 ಸಿಕ್ಕರೂ ಆ ಕೈಸಾಲದ ಬಡ್ಡಿ ಅದನ್ನು ಆರು ತಿಂಗಳೊಳಗೆ ತಿಂದು ಮುಗಿಸುತ್ತದೆ. ಕೊನೆಗೆ ಅವ್ವನ ಸರ ಬ್ಯಾಂಕಿಗೆ ಹೋಯಿತು. ಒಡವೆ ಅಡವಿಡುವುದು ಯಾವ ಹೆಣ್ಣಿಗೂ ಸುಲಭವಲ್ಲ; ಬಡ್ಡಿ ಮಾತ್ರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು.

ಪರಿಹಾರ ಚಿಕ್ಕದೆಂದು ಬಿಟ್ಟುಕೊಡಬೇಕಿಲ್ಲ. ಮುರಿದ ತೊಲೆ, ಬಿರುಕು ಬಿಟ್ಟ ಗೋಡೆ, ನೆನೆದ ಕಾಳು ಎಲ್ಲದರ ಫೋಟೊ ತೆಗೆದಿಟ್ಟುಕೊಂಡು, ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡಿದ ಮೇಲೆಯೇ ಅವಶೇಷ ತೆಗೆಯಬೇಕು. ತವರಿನವರಿಗೆ ತೊಡಕಾದದ್ದು ಖಾತೆ: ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿತ್ತು. ಈ ತಾಲ್ಲೂಕುಗಳಲ್ಲಿ ಇಂಥ ಮನೆಗಳು ಎಷ್ಟೋ. ಪೌತಿ ಖಾತೆ ಮಾಡಿಸಿ, ಪಂಚಾಯಿತಿಯಿಂದ ಇ-ಸ್ವತ್ತಿನ ಆಸ್ತಿ ದಾಖಲೆ ತೆಗೆದಿಡುವ ಕೆಲಸವನ್ನು ಮಳೆಗಾಲದ ಮೊದಲೇ ಮುಗಿಸಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ನೋಡಿಕೊಳ್ಳಬೇಕು.

ಸಾಲದ ಹಣದಲ್ಲಿ ಒಂದು ಪಾಲು ತಗಡಿಗಲ್ಲ, ಅದನ್ನು ಹಿಡಿದಿಡುವ ಕಬ್ಬಿಣಕ್ಕೆ ಹೋಯಿತು. ಗಾಳಿ ತಗಡನ್ನು ತಳ್ಳುವುದಕ್ಕಿಂತ ಮೇಲಕ್ಕೆ ಹೀರುತ್ತದೆ, ಅಂಚುಗಳಲ್ಲಿ ಆ ಎಳೆತ ಇನ್ನೂ ಜೋರು. ನಮ್ಮ ಕಡೆ ತಗಡಿನ ಮೇಲೆ ಕಲ್ಲು ಹೇರುವ ರೂಢಿ ಇದೆ. ತಗಡು ಎದ್ದರೆ ಆ ಕಲ್ಲು ಬೀಳುವುದು ಒಳಗೆ ಮಲಗಿದ್ದವರ ಮೇಲೆ. ಕಲ್ಲು ಇಳಿಸಿ, ಅಂಚಿನಲ್ಲಿ ಒತ್ತೊತ್ತಾಗಿ ಹುಕ್ ಬೋಲ್ಟ್ ಹಾಕಿಸಿ, ತೊಲೆಯನ್ನು ಗೋಡೆಗೆ ಬಿಗಿಸಿದ್ದೇ ಆ ವರ್ಷದ ಒಳ್ಳೆಯ ಖರ್ಚು.

ಹಳ್ಳಿಗಳಲ್ಲಿ ಬೆಳೆವಿಮೆ ಎಲ್ಲರಿಗೂ ಗೊತ್ತು, ಮನೆಗೂ ವಿಮೆ ಇದೆ ಎಂದರೆ ಹುಬ್ಬೇರಿಸುತ್ತಾರೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಕೊಡುತ್ತಿವೆ. ಬಿರುಗಾಳಿ, ಸಿಡಿಲು, ನೆರೆ ಎಲ್ಲ ಅದರಲ್ಲಿ ಸೇರಿವೆ. ಜಾಗದ ಬೆಲೆಗಲ್ಲ, ಮನೆ ಮತ್ತೆ ಕಟ್ಟುವ ಖರ್ಚಿಗೆ ವಿಮೆ. ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೂ ರಕ್ಷಣೆ ಇದೆ. ಮಣ್ಣಿನ ಮಾಳಿಗೆ, ತಗಡಿನ ಸೂರು ಇರುವವರು ಕಂತು ಕಟ್ಟುವ ಮೊದಲು ತಮ್ಮ ಗೋಡೆ, ಸೂರು ಯಾವುದರದ್ದೆಂದು ಅರ್ಜಿಯಲ್ಲೇ ಬರೆಸಿ, ಕಂಪನಿ ಒಪ್ಪಿತೆಂದು ಕಾಗದದ ಮೇಲೆ ಪಡೆದುಕೊಳ್ಳಬೇಕು.