ಶಸ್ತ್ರಧಾರಣೆಯೂ ಶ್ರಾವಕನ ಅಹಿಂಸಾಣುವ್ರತವೂ



ಕ್ರಿ.ಶ. 2023ರ ಜುಲೈ ತಿಂಗಳಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಯಿತು. ಆ ದಿನಗಳ ದುಃಖವನ್ನು ಇಲ್ಲಿ ಮತ್ತೆ ವಿವರಿಸುವ ಉದ್ದೇಶವಿಲ್ಲ. ಆದರೆ ಅಂದಿನಿಂದ ನಮ್ಮ ಸಮಾಜದ ತರುಣರು ಒಂದು ಪ್ರಶ್ನೆಯನ್ನು ಕೇಳುತ್ತಲೇ ಬಂದಿದ್ದಾರೆ. ಖಾನಾಪುರದ ಕಡೆ ಕಾಡಿನಂಚಿನಲ್ಲಿ ಭತ್ತದ ಗದ್ದೆಯಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಬಂದು ಅದನ್ನೇ ಕೇಳಿದನು: “ಗುರುಗಳೇ, ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಎಲ್ಲರಿಗೂ ಕಾಣುವಂತೆ ಹೆಗಲ ಮೇಲೆ ಹಾಕಿಕೊಂಡು ತಿರುಗಿದರೆ ಯಾರೂ ಹತ್ತಿರ ಬರಲಾರರು. ಇದರಿಂದ ನನ್ನ ಅಣುವ್ರತಕ್ಕೆ ಭಂಗವೇ?” ಒಂದೇ ಮಾತಿನಲ್ಲಿ ಉತ್ತರ ಕೊಡುವ ಪ್ರಶ್ನೆ ಇದಲ್ಲ. ಆದುದರಿಂದ ಈ ಸಂಚಿಕೆಯ ಪಾಠವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

1. ಹಿಂಸೆಯ ನಾಲ್ಕು ಭೇದಗಳು

ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯು ನಾಲ್ಕು ವಿಧವೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಅಡಿಗೆ, ಕಸಗುಡಿಸುವಿಕೆ ಮುಂತಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ತನ್ನನ್ನು, ಕುಟುಂಬವನ್ನು, ಧರ್ಮಾಯತನವನ್ನು, ದೇಶವನ್ನು ಆಕ್ರಮಣದಿಂದ ಕಾಪಾಡುವಾಗ ಅನಿವಾರ್ಯವಾಗಿ ಆಗುವುದು ವಿರೋಧೀ. ಮುನಿಗಳು ನಾಲ್ಕನ್ನೂ ತ್ಯಜಿಸಿದ ಮಹಾವ್ರತಿಗಳು. ಗೃಹಸ್ಥನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡತಕ್ಕದ್ದು; ಉಳಿದವುಗಳನ್ನು ಯತ್ನಾಚಾರದಿಂದ ಕಡಿಮೆ ಮಾಡತಕ್ಕದ್ದು.

ಆದ ಕಾರಣ, ಆಯುಧ ಮುಟ್ಟಿದವನು ಶ್ರಾವಕನೇ ಅಲ್ಲವೆಂದು ಹೇಳುವುದು ಶಾಸ್ತ್ರಸಮ್ಮತವಲ್ಲ. ಗಂಗರ ಸೇನಾಪತಿ ಚಾವುಂಡರಾಯನು ಸಮರಗಳಲ್ಲಿ ಖಡ್ಗ ಹಿಡಿದವನು. ಅವನೇ 978ರಲ್ಲಿ ತ್ರಿಷಷ್ಟಿ ಶಲಾಕಾಪುರುಷರ ಪುರಾಣವನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದನು. ನಮ್ಮ ಬೆಳಗಾವಿಯ ಕಮಲ ಬಸದಿಯನ್ನೇ ನೋಡಿರಿ. ರಟ್ಟರ ಸಚಿವ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಆ ಜಿನಾಲಯವು ಕೋಟೆಯ ಒಳಗಿದೆ. ಸುತ್ತಲೂ ಕಂದಕ, ಬುರುಜು. ನಡುವೆ, ಮದುವೆಗೆ ಕೂಡಿಹಾಕಿದ ಪಶುಗಳ ಆರ್ತನಾದ ಕೇಳಿ ರಥ ತಿರುಗಿಸಿದ ನೇಮಿನಾಥಸ್ವಾಮಿ. ರಕ್ಷಣೆ ಬೇಡವೆಂದು ನಮ್ಮ ಹಿರಿಯರು ಹೇಳಲಿಲ್ಲ. ಆದರೆ ಗರ್ಭಗುಡಿಯಲ್ಲಿ ಯಾರನ್ನು ನಿಲ್ಲಿಸಬೇಕೆಂಬುದನ್ನು ಮರೆಯಲಿಲ್ಲ.

2. ಸಂಕಲ್ಪವು ಒಳಹೊಗುವ ಬಾಗಿಲು

ಹಾಗಾದರೆ ಬಂದೂಕು ಧರಿಸಿ ತಿರುಗುವುದರಲ್ಲಿ ದೋಷವೇನು? ಇಲ್ಲಿ ಓದುಗರು ಸೂಕ್ಷ್ಮವಾಗಿ ಲಕ್ಷ್ಯ ಕೊಡಬೇಕು. ವಿರೋಧೀ ಹಿಂಸೆಯು ಪ್ರಸಂಗದಿಂದ ಹುಟ್ಟುವಂಥದು. ಆಕ್ರಮಣವು ಮೊದಲು, ಪ್ರತೀಕಾರವು ಅನಂತರ. ಆದರೆ ಪ್ರತಿದಿನ ಮುಂಜಾನೆ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಳ್ಳುವವನು, ‘ಯಾರಾದರೂ ಬಂದರೆ ಹೊಡೆಯುವೆನು’ ಎಂದು ಪ್ರತಿದಿನ ನೆನೆಯುತ್ತಾನೆ. ಬಾರದ ಶತ್ರುವನ್ನು ಮನಸ್ಸಿನಲ್ಲಿ ನೂರು ಸಲ ಕೊಲ್ಲುತ್ತಾನೆ. ಹೀಗೆ ವಿರೋಧಿಯೆಂಬ ಹೆಸರಿನಲ್ಲಿ ಸಂಕಲ್ಪಿಯು ಒಳಗೆ ಬರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಐದೆಂದು ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪರರ ವಧಬಂಧನಾದಿಗಳನ್ನು ದ್ವೇಷದಿಂದ ಚಿಂತಿಸುವುದೇ ಅಪಧ್ಯಾನ. ಕೊಡಲಿ, ಖಡ್ಗ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ಎಲ್ಲರಿಗೂ ಕಾಣುವಂತೆ ಶಸ್ತ್ರ ತೊಡುವುದರಲ್ಲಿ ಭಯಕ್ಕಿಂತಲೂ ಹೆಚ್ಚಾಗಿ ಮಾನಕಷಾಯವಿರುತ್ತದೆ ಎಂಬುದನ್ನೂ ಮರೆಯಬಾರದು.

ಸೈನಿಕನಿಗೂ ಪೊಲೀಸನಿಗೂ ಆಯುಧವು ನಿಯೋಗದಿಂದ ಬಂದದ್ದು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ನಮ್ಮ ಊರಿನಲ್ಲಿ ಅಂಥವರನ್ನು ದಿನವೂ ಕಾಣುತ್ತೇವೆ. ಅವನ ಬಂದೂಕಿಗೆ ಅಪ್ಪಣೆಯುಂಟು, ಲೆಕ್ಕವುಂಟು; ಕೆಲಸ ಮುಗಿದೊಡನೆ ಅದು ಶಸ್ತ್ರಾಗಾರಕ್ಕೆ ಹಿಂತಿರುಗುತ್ತದೆ. ಅವನನ್ನು ನೋಡಿ ಗೃಹಸ್ಥನು ಅನುಕರಿಸತಕ್ಕದ್ದಲ್ಲ.

3. ರಾಜಶಾಸನವೇನು ಹೇಳುತ್ತದೆ?

1959ರ ಆಯುಧ ಅಧಿನಿಯಮದಂತೆ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳುವುದೂ ಒಯ್ಯುವುದೂ ಅಪರಾಧ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿದ್ದವನೂ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಚೀಲದಲ್ಲಿಯೋ ಒರೆಯಲ್ಲಿಯೋ ಮುಚ್ಚಿ ಒಯ್ಯತಕ್ಕದ್ದು. 2019ರ ತಿದ್ದುಪಡಿಯು ಒಬ್ಬನ ಬಳಿ ಇರಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ ಮುಂಜಿಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವವನಿಗೆ ಎರಡು ವರ್ಷಗಳವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಅದು ಅವರ ಕುಲಪರಂಪರೆಗೆ ಸಂಬಂಧಿಸಿದ್ದು. ಕೈಲ್‌ಪೊಳ್ದಿನಲ್ಲಿ ಅವರು ಆಯುಧವನ್ನು ಪೂಜಿಸುತ್ತಾರೆ. ನಮಗೆ ಅದು ಮಾದರಿಯೂ ಅಲ್ಲ, ನಿಂದೆಯ ವಿಷಯವೂ ಅಲ್ಲ.

ಆತ್ಮರಕ್ಷಣೆಯ ಹಕ್ಕನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು 34ರಿಂದ 44ನೆಯ ಕಲಮುಗಳಲ್ಲಿ ಹೇಳಿದೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು ಎಂಬುದು ಅಲ್ಲಿಯ ಮಿತಿ. ಈ ಮಾತು ನಮ್ಮ ಯತ್ನಾಚಾರಕ್ಕೆ ಎಷ್ಟು ಸಮೀಪವಾಗಿದೆ!

4. ಕಾಡಿನಂಚಿನ ಕಷ್ಟ

ಖಾನಾಪುರದ ರೈತನ ಕಷ್ಟವನ್ನು ಪೇಟೆಯಲ್ಲಿ ಕುಳಿತವರು ಹಗುರಾಗಿ ಕಾಣಬಾರದು. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮದ ಸುತ್ತಲಿನ ಹಳ್ಳಿಗಳಲ್ಲಿ ಕರಡಿ, ಕಾಡುಹಂದಿ, ಕಾಡುಕೋಣಗಳ ಭಯ ನಿಜವಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ ಸದ್ಭಾವದಿಂದ ಪ್ರಾಣರಕ್ಷಣೆಗಾಗಿ ಮಾಡಿದ್ದನ್ನು ಅಪರಾಧವೆನ್ನುವುದಿಲ್ಲ. ಆದರೆ ಬೆಳೆ ಕಾಯುವ ಬಂದೂಕು ಗದ್ದೆಯಲ್ಲಿ ಸದ್ದಿಗೆ, ಸಂತೆಯಲ್ಲಿ ಪ್ರದರ್ಶನಕ್ಕಲ್ಲ.

2022ರ ಆಗಸ್ಟಿನಲ್ಲಿ ಬೆಳಗಾವಿ ನಗರಕ್ಕೇ ಚಿರತೆ ಬಂದಿತ್ತು. ಜಾಧವ ನಗರದಲ್ಲಿ ಒಬ್ಬ ಕಾರ್ಮಿಕನ ಮೇಲೆ ಎರಗಿತು. ಗಾಲ್ಫ್ ಮೈದಾನದ ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಸಕ್ರೆಬೈಲಿನಿಂದ ಆನೆಗಳನ್ನು ತರಿಸಿದರು. ಚಿರತೆ ಸಿಕ್ಕಲಿಲ್ಲ. ಆ ದಿನಗಳಲ್ಲಿ ನಗರವನ್ನು ಕಾಪಾಡಿದ್ದು ಬಾಗಿಲು, ಬೆಳಕು, ಎಚ್ಚರಿಕೆ ಮತ್ತು ನೆರೆಹೊರೆಯವರ ಪರಸ್ಪರ ಸೂಚನೆಗಳು. ಮನೆಗೊಂದು ಬಂದೂಕು ಹೊರಬಿದ್ದಿದ್ದರೆ ಆ ಗಿಡಗಂಟೆಗಳ ನಡುವೆ ಗುಂಡು ಯಾರಿಗೆ ತಾಗುತ್ತಿತ್ತೆಂದು ಯೋಚಿಸಿರಿ.

5. ನನ್ನದೇ ಒಂದು ತಪ್ಪು

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಪಾಠ ಹೇಳುವವನು ಮರೆಮಾಚಬಾರದು. ನಾನು ತರುಣ ಶಿಕ್ಷಕನಾಗಿ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿದ್ದಾಗ ಕಳ್ಳತನದ ಸುದ್ದಿ ಹಬ್ಬಿತ್ತು. ನೆರೆಯವನು ತನ್ನ ಬೆಳೆ ಕಾಯುವ ಬಂದೂಕನ್ನು ಒಂದು ರಾತ್ರಿಗೆಂದು ನನಗೆ ಕೊಟ್ಟನು, ನಾನು ಇಸಿದುಕೊಂಡೆನು. ಅದು ಕಾನೂನಿಗೆ ವಿರುದ್ಧ. ಕೊಟ್ಟವನಿಗೆ ಹಿಂಸಾದಾನ, ಪಡೆದ ನನಗೆ ಅಪಧ್ಯಾನ. ಮಳೆಗಾಲದ ಆ ರಾತ್ರಿ ಹಿತ್ತಲಲ್ಲಿ ಸಪ್ಪಳವಾಯಿತು. ಬಂದೂಕು ಎತ್ತಿ ಗುರಿಯಿಟ್ಟೆನು. ಬೆರಳು ಕುದುರೆಯ ಮೇಲಿತ್ತು. ಅಷ್ಟರಲ್ಲಿ “ಸರ್” ಎಂದು ಒಂದು ಎಳೆಯ ದನಿ ಕೇಳಿಸಿತು. ತಾಯಿಗೆ ಜ್ವರವೇರಿದೆಯೆಂದು ಔಷಧ ಕೇಳಲು ಬಂದಿದ್ದ ಆರನೆಯ ತರಗತಿಯ ಹುಡುಗನವನು. ಬರಿಗೈಯಲ್ಲಿದ್ದಿದ್ದರೆ “ಯಾರು?” ಎಂದು ಮೊದಲು ಕೇಳುತ್ತಿದ್ದೆನು. ಕೈಯಲ್ಲಿ ಬಂದೂಕಿದ್ದುದರಿಂದ ಕೇಳುವ ಬುದ್ಧಿಯೇ ಹುಟ್ಟಲಿಲ್ಲ. ಮರುದಿನ ಅದನ್ನು ಹಿಂತಿರುಗಿಸಿ ಉಪವಾಸ ಮಾಡಿದೆನು. ಆ ಉಪವಾಸದಿಂದ ನಡುಕ ಹೋಗಲಿಲ್ಲ, ಇಂದಿಗೂ ಹೋಗಿಲ್ಲ.

6. ಒಂದು ಆಕ್ಷೇಪ, ಅದಕ್ಕೆ ಸಮಾಧಾನ

“ಆಚಾರ್ಯರು ನಿರಾಯುಧರಾಗಿದ್ದರು, ಅವರಿಗೇನಾಯಿತು?” ಎಂದು ಕೇಳುವರು. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ನಿರಾಯುಧನಿಗೆ ಆಪತ್ತು ಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ವ್ರತವು ವಿಮೆಯಲ್ಲ, ಆಪತ್ತು ಬಂದಾಗಲೂ ನಾವು ಏನಾಗಿ ಉಳಿಯುವೆವು ಎಂಬುದರ ನಿಶ್ಚಯ ಅದು. ಮತ್ತೊಂದು ಮಾತನ್ನೂ ಗಮನಿಸಬೇಕು. ಬಂಧಿತರಾದ ಇಬ್ಬರಲ್ಲಿ ಒಬ್ಬನು ಆಶ್ರಮಕ್ಕೆ ಪರಿಚಿತನೇ ಎಂದು ಪೊಲೀಸರು ಹೇಳಿದರು. ನಂಬಿಕೆಯ ಬಾಗಿಲಿನಿಂದ ಬರುವವನನ್ನು ಹೆಗಲ ಮೇಲಿನ ಬಂದೂಕು ತಡೆಯಲಾರದು. ತಡೆಯಬಲ್ಲದ್ದು ಶ್ರಾವಕರ ಸಾನ್ನಿಧ್ಯ. ಮುನಿಗಳನ್ನು ಒಂಟಿಯಾಗಿ ಬಿಡದಿರುವುದು, ಹಣಕಾಸಿನ ಭಾರ ಅವರ ಮೇಲೆ ಬೀಳದಂತೆ ನೋಡಿಕೊಳ್ಳುವುದು, ವಿಹಾರದಲ್ಲಿ ಜೊತೆಗೆ ನಡೆಯುವುದು ನಮ್ಮ ಕರ್ತವ್ಯ. ಇವನ್ನು ಮಾಡದೆ ಬಂದೂಕಿನ ಮಾತನ್ನಾಡುವುದು ನಮ್ಮ ಆಲಸ್ಯವನ್ನು ಶೌರ್ಯದ ಬಟ್ಟೆಯಲ್ಲಿ ಸುತ್ತಿದಂತೆ.

ಭರತ ಬಾಹುಬಲಿಗಳ ಪ್ರಸಂಗ ನೆನೆಯಿರಿ. ಸೈನ್ಯಗಳ ಸಂಹಾರ ತಪ್ಪಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಗೊತ್ತಾದವು. ಮೂರರಲ್ಲೂ ಸೋತ ಮೇಲೆಯೇ ಭರತನು ಚಕ್ರವನ್ನು ನೆನೆದನು. ಬರಿಗೈಯ ಬಾಹುಬಲಿಯನ್ನು ಅದು ಪ್ರದಕ್ಷಿಣೆ ಮಾಡಿ ನಿಂತಿತು. ಶಸ್ತ್ರವನ್ನು ಯಾರು, ಯಾವ ಗಳಿಗೆಯಲ್ಲಿ ಕೈಗೆತ್ತಿಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕೆ?

7. ಚಾತುರ್ಮಾಸಕ್ಕೆ ನಿಯಮಗಳು

ನನ್ನ ವಿದ್ಯಾರ್ಥಿಗೆ ನಾನು ಹೇಳಿದ ಉತ್ತರವಿದು. ಗದ್ದೆಗೆ ಬಂದೂಕು ಬೇಕೇ ಬೇಕೆಂದಾದರೆ ಕಾನೂನಿನಂತೆ ಪಡೆ. ವ್ರತವು ಅಷ್ಟರಿಂದಲೇ ಮುರಿಯದು. ಆದರೆ ಈ ನಿಯಮಗಳನ್ನು ತೆಗೆದುಕೋ:

(ಅ) ಗದ್ದೆಯ ಮೇರೆಯಾಚೆ ಅದನ್ನು ಧರಿಸಿ ತಿರುಗೆನು. ಬಸದಿಗೆ, ಮದುವೆಗೆ, ಸಂತೆಗೆ ಒಯ್ಯೆನು.
(ಆ) ಯಾರಿಗೂ ಎರವಲು ಕೊಡೆನು; ಮಕ್ಕಳ ಕೈಗೆ ಸಿಗದಂತೆ, ಗುಂಡು ಬೇರೆ, ಬಂದೂಕು ಬೇರೆ ಬೀಗದಲ್ಲಿಡುವೆನು.
(ಇ) ಕೋಪ ಬಂದ ದಿನ ಅದನ್ನು ಮುಟ್ಟೆನು.
(ಈ) ಅಷ್ಟಮಿ ಚತುರ್ದಶಿಗಳಲ್ಲಿ ಪ್ರತಿಕ್ರಮಣ ಮಾಡುವಾಗ, ಆ ಪಕ್ಷದಲ್ಲಿ ಯಾರನ್ನು ಮನಸ್ಸಿನಲ್ಲಿ ಹೊಡೆದೆನೆಂದು ಕೇಳಿಕೊಳ್ಳುವೆನು.

ಅವನು ಬಹಳ ಹೊತ್ತು ಸುಮ್ಮನಿದ್ದು, “ನಾಲ್ಕನೆಯದೇ ಕಠಿಣ” ಎಂದನು. ನಿಜ, ಉಳಿದ ಮೂರು ಆ ನಾಲ್ಕನೆಯದರ ಬೇಲಿಗಳು ಮಾತ್ರ.

ಖಾನಾಪುರ ತಾಲೂಕಿನ ಹಲಸಿ, ಅಂದಿನ ಪಲಾಶಿಕೆ. ಅಲ್ಲಿ ಕಾರ್ತಿಕದ ಅಷ್ಟಾಹ್ನಿಕವನ್ನು ವರ್ಷವರ್ಷವೂ ನಡೆಯಿಸಬೇಕೆಂದು ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಕದಂಬ ರವಿವರ್ಮನು ಶಾಸನ ಬರೆಸಿದನು. ಅವನೂ ಖಡ್ಗ ಹಿಡಿದ ದೊರೆಯೇ. ಚಾತುರ್ಮಾಸದಲ್ಲಿ ನಿಯಮ ಹಿಡಿಯಲು ತಪ್ಪಿದವರು ಬರುವ ಅಷ್ಟಾಹ್ನಿಕದ ಅಷ್ಟಮಿಯಂದಾದರೂ ಹಿಡಿಯಬಹುದು.

ಸ್ವಾಧ್ಯಾಯ ಪ್ರಶ್ನೆಗಳು

1. ವಿರೋಧೀ ಹಿಂಸೆಯು ಸಂಕಲ್ಪಿಯಾಗಿ ಮಾರ್ಪಡುವುದು ಯಾವಾಗ?
2. ಹಿಂಸಾದಾನ, ಅಪಧ್ಯಾನಗಳಿಗೆ ನಿಮ್ಮ ಮನೆಯಿಂದಲೇ ಒಂದೊಂದು ಉದಾಹರಣೆ ಕೊಡಿರಿ.
3. ನಿಮ್ಮ ಊರಿಗೆ ಮುನಿಸಂಘ ಬಂದಾಗ ರಾತ್ರಿಯ ಕಾವಲಿಗೆ ಯಾರು ಯಾರು ಸರದಿಯಲ್ಲಿ ಕೂಡುವಿರಿ? ಹೆಸರುಗಳನ್ನು ಇಂದೇ ಬರೆದಿಡಿರಿ.